ಒಳಮೈಯ ಹಕ್ಕಿಗಳು

ನಾನು ನಲವತ್ತೆರಡು ವರ್ಷ ಅಂಗಿ ಕತ್ತರಿಸಿದವನು. ಶಾಲೆಗೆ ಹೋದದ್ದು ಮೂರು ವರ್ಷ, ಅದರಲ್ಲಿ ಒಂದು ವರ್ಷ ಹೆಚ್ಚುಕಡಿಮೆ ಬಾಗಿಲಾಚೆ ನಿಂತೇ ಕಳೆದೆ. ಆದರೂ ಬೀದಿಯವರೆಲ್ಲ ನನ್ನನ್ನು ಮಾಸ್ಟರ್ ಎಂದೇ ಕರೆಯುತ್ತಾರೆ. ಹೊಲಿಗೆ ಅಂಗಡಿಯಲ್ಲಿ ಬಟ್ಟೆ ಕತ್ತರಿಸುವವನನ್ನು ಹಾಗೆ ಕರೆಯುವುದು ರೂಢಿ. ಅಂಗಡಿ ಮುಚ್ಚಿತು, ಹೆಸರು ನನ್ನ ಜೊತೆ ಮನೆಗೆ ಬಂತು.

ಮನೆಯಲ್ಲೂ ಕೆಲಸ ತಪ್ಪಲಿಲ್ಲ. ನನಗಿಂತ ಆರು ವರ್ಷ ದೊಡ್ಡವಳಾದ ಅಕ್ಕ ನಮ್ಮ ಮನೆಯ ಮುಂದಿನ ಕೋಣೆಯಲ್ಲಿ ಕೌದಿ ಹೊಲಿಸುತ್ತಾಳೆ. ಆ ಕೋಣೆಗೆ ಬೀದಿಯ ಕಡೆ ಎರಡು ಕಿಟಕಿ. ಒಂದರ ಕೆಳಗೆ ಹೊಲಿಗೆ ಮೆಷಿನ್ನು, ಇನ್ನೊಂದರ ಕೆಳಗೆ ಅಕ್ಕನ ಕುರ್ಚಿ. ನಡುವೆ ಎಂಟಡಿ ಉದ್ದದ ಮೇಜು, ಗೋಡೆಗೆ ಒರಗಿ ಬಟ್ಟೆಯ ಸುರುಳಿಗಳನ್ನು ಪೇರಿಸಿದ ಕಪಾಟು. ಮೆಷಿನ್ನಿನ ಮುಂದೆ ಕೂರುವವಳು ಎದುರು ಮನೆಯ ಹೆಂಗಸು. ಅವಳನ್ನು ಎಲ್ಲರೂ ರೇಡಿಯೋ ಎನ್ನುತ್ತಾರೆ. ಬೆಳಿಗ್ಗೆ ಬಂದು ಕೂತಳೆಂದರೆ ಸಂಜೆ ಎದ್ದು ಹೋಗುವವರೆಗೆ ಮಾತು ನಿಲ್ಲದು. ಹಾಗೆ ಕರೆದರೆ ಅವಳಿಗೆ ಸಿಟ್ಟೂ ಇಲ್ಲ. ಸದ್ಯ, ನನಗೆ ಸ್ಟೇಷನ್ ಬದಲಾಯಿಸೋಕೆ ಬರಲ್ಲ ನೋಡಿ ಅಂತ ತಾನೇ ನಗುತ್ತಾಳೆ.

ಮೇಜಿನ ತುದಿಯಲ್ಲಿ ಕೂರುವವಳು ನನ್ನ ಸೊಸೆ. ಮಗ ಬಸ್ಸು ಓಡಿಸುತ್ತಾನೆ, ಊರಲ್ಲಿರುವುದೇ ಅಪರೂಪ. ಸೊಸೆ ಈ ಮನೆಗೆ ಬಂದು ಆರು ವರ್ಷ. ಆರು ವರ್ಷವೂ ಅಕ್ಕ ಹೇಳಿದ ಚೌಕ, ಅಕ್ಕ ಹೇಳಿದ ಮುಕ್ಕೋನ. ಅಕ್ಕನ ಕೌದಿಯಲ್ಲಿ ಚೌಕ ಬಿಟ್ಟರೆ ಮುಕ್ಕೋನ, ಮುಕ್ಕೋನ ಬಿಟ್ಟರೆ ಚೌಕ. ಹುಡುಗಿ ಮಾತ್ರ ಕೈಗೆ ಸಿಕ್ಕಿದ ಕಾಗದದ ಮೇಲೆಲ್ಲ ಏನಾದರೂ ಗೀಚುತ್ತಿದ್ದಳು. ಎಲೆ, ಅಲೆ, ಮೀನಿನ ಬೆನ್ನು. ಅಕ್ಕ ನೋಡಿಯೂ ನೋಡದ ಹಾಗಿದ್ದಳು.

ಆ ವರ್ಷ ಗ್ರಂಥಾಲಯದ ಮೇಡಂ ನಮ್ಮ ಮನೆಗೆ ಬಂದರು. ಬಟ್ಟೆಗೆ ಬಣ್ಣದ ಅಚ್ಚು ಹಾಕುವ ಹಳೇ ಕಾರ್ಖಾನೆಯೊಂದು ನದಿಯ ಪಕ್ಕ ಮುಚ್ಚಿ ಬಿದ್ದಿತ್ತು. ಅದರ ಒಂದು ಭಾಗವನ್ನು ಮಕ್ಕಳ ಓದುವ ಕೋಣೆ ಮಾಡುತ್ತಿದ್ದರು. ಗೋದಾಮು ಗುಡಿಸುವಾಗ ಒಂದೇ ಒಂದು ಗಂಟು ಬಟ್ಟೆ ಸಿಕ್ಕಿತಂತೆ. ಆ ಕಾರ್ಖಾನೆಯಲ್ಲಿ ಕಡೆಯದಾಗಿ ಅಚ್ಚು ಹಾಕಿದ ಬಟ್ಟೆ. ಕಡುನೀಲಿ ನೆಲ, ಅದರ ತುಂಬ ಇಟ್ಟಿಗೆ ಕೆಂಪಿನ ಸಣ್ಣ ಸಣ್ಣ ಎಲೆ. ಅದರಲ್ಲೇ ಗೋಡೆಗೆ ತೂಗುಹಾಕುವ ಕೌದಿ ಆಗಬೇಕು ಎಂದರು ಮೇಡಂ. ಅಕ್ಕ ಚೌಕ ತೋರಿಸಿದಳು. ಮೇಡಂ ತಲೆ ಆಡಿಸಿದರು, ಮುಖ ಅರಳಲಿಲ್ಲ. ಆಗ ನನ್ನ ಸೊಸೆ ಎದ್ದು ಒಳಗೆ ಹೋಗಿ ಒಂದು ಹಾಳೆ ತಂದು ಮೇಜಿನ ಮೇಲಿಟ್ಟಳು.

ಹಾಳೆಯ ತುಂಬ ಹಕ್ಕಿಗಳು. ಎಂಟು ಸಾಲು, ಸಾಲಿಗೆ ಹನ್ನೆರಡು. ಒಂದೊಂದು ಹಕ್ಕಿಯೂ ಒಂದೇ ತುಂಡು ಬಟ್ಟೆ. ಒಂದು ತುದಿ ಕೊಕ್ಕಿನ ಹಾಗೆ ಚೂಪು, ಇನ್ನೊಂದು ತುದಿ ಬಾಲದ ಹಾಗೆ ಓರೆ, ಯಾವ ಎರಡು ಬದಿಯೂ ಒಂದಳತೆಯಲ್ಲಿಲ್ಲ. ನಡುನಡುವೆ ಆಕಾಶಕ್ಕೆ ಬಣ್ಣ ಹಾಕದ ಬಿಳಿ ಬಟ್ಟೆಯ ತುಂಡುಗಳು. ಎಲ್ಲ ಹಕ್ಕಿಯೂ ಬಲಗಡೆಗೆ ಹಾರುತ್ತಿವೆ. "ಆ ಓದೋ ಕೋಣೆಗೆ ಬಲಗಡೆ ಕಿಟಕಿ ಇದೆಯಲ್ಲ ಮೇಡಂ, ಅದರಾಚೆ ನದಿ," ಎಂದಳು. ಮೇಡಂ ಆ ಹಾಳೆಯನ್ನು ಕೈಯಿಂದ ಕೆಳಗಿಡಲೇ ಇಲ್ಲ.

ಅವರು ಹೋದ ಮೇಲೆ ಅಕ್ಕ ಕನ್ನಡಕ ತೆಗೆದು ಒರೆಸಿದಳು. ಅವಳು ಕನ್ನಡಕ ಒರೆಸಿದಳೆಂದರೆ ಏನೋ ಗಟ್ಟಿ ಮಾತು ಬರುತ್ತದೆ ಎಂದರ್ಥ.

"ಇದೊಂದು ಸಲ ನಿನ್ನ ಚಿತ್ರ ಆಗ್ಲಿ. ಕೆಟ್ರೆ ಮತ್ತೆ ಪೆನ್ಸಿಲ್ ಮುಟ್ಟೋ ಹಾಗಿಲ್ಲ. ಚೌಕ ಹೊಲಿ. ಚೌಕ ನೀನು ಚೆನ್ನಾಗೇ ಹೊಲಿತೀಯ."

"ಆಯ್ತು ಅತ್ತೆ," ಎಂದಳು ಸೊಸೆ. ಅಡುಗೆ ಕೋಣೆಗೆ ಹೋದವಳು ಅಲ್ಲಿ ಪಾತ್ರೆಗಳನ್ನು ಸುಮ್ಮನೆ ಜೋಡಿಸಿ ಮತ್ತೆ ಜೋಡಿಸುವ ಸದ್ದು ಬಹಳ ಹೊತ್ತು ಕೇಳಿಸಿತು. ಖುಷಿಯಾದರೆ ಅವಳು ಹಾಗೆ.

ಕತ್ತರಿಸುವ ಕೆಲಸ ನನ್ನದು. ರಟ್ಟಿನಲ್ಲಿ ಹಕ್ಕಿಯ ಮಾದರಿ ಮಾಡಿಕೊಟ್ಟಳು. ಮೊದಲು ಬಿಳಿ ಬಟ್ಟೆಯ ಆಕಾಶ ಕತ್ತರಿಸಿದೆ, ಅವಳು ಜೋಡಿಸಿ ನೋಡಿದಳು, ಎಲ್ಲ ಸರಿಯಾಗಿ ಕೂತಿತು. ಆಮೇಲೆ ಅಚ್ಚಿನ ಬಟ್ಟೆಗೆ ಕೈ ಹಾಕಿದೆ. ಒಂದು ಇಡೀ ಸೋಮವಾರ ಅದೇ ಕೆಲಸ. ಬಟ್ಟೆಯನ್ನು ನಾಲ್ಕು ಪದರ ಮಡಚಿ, ಸೂಜಿ ಚುಚ್ಚಿ ನಿಲ್ಲಿಸಿ, ಒಂದು ಹಕ್ಕಿಯ ಬೆನ್ನು ಇನ್ನೊಂದರ ಹೊಟ್ಟೆಗೆ ತಾಗುವಷ್ಟು ಒತ್ತಾಗಿ ಗೆರೆ ಎಳೆದು ಕತ್ತರಿಸಿದೆ. ತೊಂಬತ್ತಾರು ಹಕ್ಕಿ. ಉಳಿದದ್ದು ಎರಡು ಬೆರಳಗಲದ ಪಟ್ಟಿಗಳು, ಮತ್ತೆ ಒಂದು ಹಿಡಿ ಚೂರು. ಅಂಗಡಿಯಲ್ಲಿ ಯಜಮಾನರು ನನ್ನನ್ನು ಇಟ್ಟುಕೊಂಡದ್ದೇ ಅದಕ್ಕೆ, ಬಟ್ಟೆ ಹಾಳುಮಾಡದವನು ಅಂತ. ಆ ದಿನ ಊಟ ರುಚಿಯಾಗಿತ್ತು.

ಮಂಗಳವಾರ ಅಕ್ಕ ಹತ್ತಿ ತರಲು ಪೇಟೆಗೆ ಹೊರಟಳು. ನಾಲ್ಕು ಗಂಟೆಗೆ ಬರುತ್ತೇನೆ, ಅಷ್ಟರಲ್ಲಿ ನೆಲದ ಮೇಲೆ ಪೂರ್ತಿ ಹರವಿಟ್ಟಿರಿ, ನೋಡಬೇಕು ಎಂದಳು. ಸೊಸೆ ಚಾಪೆ ಹಾಸಿ, ಅದರ ಮೇಲೆ ಹಳೇ ಚಾದರ ಹಾಸಿ, ಹಕ್ಕಿ, ಆಕಾಶ, ಹಕ್ಕಿ, ಆಕಾಶ ಎಂದು ಇಡುತ್ತ ಹೋದಳು. ಮೊದಲ ಎರಡು ತುಂಡು ಚೆನ್ನಾಗಿ ಕೂತವು. ಮೂರನೆಯದು ಕೂರಲಿಲ್ಲ. ತಿರುಗಿಸಿದಳು. ತಲೆಕೆಳಗು ಮಾಡಿದಳು. ಪಕ್ಕಕ್ಕಿಟ್ಟು ಬೇರೆ ತೆಗೆದುಕೊಂಡಳು. ಅದು ಕೂತಿತು. ಅದರ ಮುಂದಿನದು ಕೂರಲಿಲ್ಲ.

ನಾನು ಮೇಜಿನ ಮೇಲೆ ರಟ್ಟು ಒರೆಸುತ್ತಿದ್ದವನು ಅಲ್ಲೇ ನಿಂತೆ. ಅವಳು ಹೇಳುವ ಮೊದಲೇ ನನಗೆ ಗೊತ್ತಾಗಿ ಹೋಯಿತು.

ಅಂಗಿ ಎಂದರೆ ಎಲ್ಲವೂ ಜೋಡಿ. ಎಡಕ್ಕೊಂದು ತೋಳು, ಬಲಕ್ಕೊಂದು ತೋಳು, ಎದೆಯ ಎಡ ಭಾಗ, ಎದೆಯ ಬಲ ಭಾಗ. ಅದಕ್ಕೇ ಅಂಗಿಯವನು ಬಟ್ಟೆಯನ್ನು ಮಡಚಿಯೇ ಕತ್ತರಿಸುತ್ತಾನೆ. ಒಂದೇ ಕತ್ತರಿಗೆ ಎಡದ್ದೂ ಬಲದ್ದೂ ಬರುತ್ತದೆ. ನಲವತ್ತೆರಡು ವರ್ಷ ನಾನು ಮಡಚದೆ ಕತ್ತರಿಸಿದವನೇ ಅಲ್ಲ. ಚೌಕಕ್ಕೆ, ಮುಕ್ಕೋನಕ್ಕೆ ಎಡಬಲ ಇಲ್ಲ, ಹಾಗಾಗಿ ಇಷ್ಟು ವರ್ಷ ಅಕ್ಕನ ಕೆಲಸದಲ್ಲಿ ನಡೆದುಹೋಯಿತು. ಬಿಳಿ ಬಟ್ಟೆಗೆ ಹಿಂದೂ ಒಂದೇ ಮುಂದೂ ಒಂದೇ, ಮಗುಚಿ ಇಟ್ಟರಾಯಿತು, ಹಾಗಾಗಿ ಆಕಾಶವೂ ಕೂತಿತು. ಅಚ್ಚಿನ ಬಟ್ಟೆಗೆ ಮುಖ ಒಂದೇ ಕಡೆ. ನಲವತ್ತೆಂಟು ಹಕ್ಕಿ ಬಲಕ್ಕೆ ಹಾರುತ್ತಿದ್ದವು. ನಲವತ್ತೆಂಟು ಎಡಕ್ಕೆ.

"ಅಮ್ಮಾ, ನನ್ನ ತಪ್ಪು," ಎಂದೆ. "ಮಡಚಿಬಿಟ್ಟೆ."

ಅವಳು ತಲೆ ಎತ್ತಲಿಲ್ಲ. ಎಡಗಡೆಯ ಹಕ್ಕಿಗಳನ್ನು ಒಂದೊಂದಾಗಿ ಆರಿಸಿ ಒಂದು ಗುಡ್ಡೆ ಮಾಡಿದಳು. ಎಣಿಸಿದಳು. ರೇಡಿಯೋಗೆ ಕೂಡ ಮಾತು ನಿಂತಿತು. ನಿಂತದ್ದು ಒಂದೇ ನಿಮಿಷ.

"ಅರ್ಧ ಹೋಗ್ಲಿ, ಅರ್ಧ ಬರ್ಲಿ," ಎಂದಳು ರೇಡಿಯೋ. "ಬಸ್ ಸ್ಟ್ಯಾಂಡ್ ಥರ. ಏನಾಗುತ್ತೆ?"

ಸೊಸೆ ಅದನ್ನೂ ಇಟ್ಟು ನೋಡಿದಳು. ನಾಲ್ಕು ಬಲಗಡೆಯವು, ನಾಲ್ಕು ಎಡಗಡೆಯವು. ಕೊಕ್ಕಿಗೆ ಕೊಕ್ಕು ತಾಗಿ ಜಗಳಕ್ಕೆ ನಿಂತ ಹಾಗೆ ಕಂಡವು. ಕೆಳಗಿನ ಸಾಲಿನ ಓರೆಗೂ ಮೇಲಿನ ಸಾಲಿನ ಓರೆಗೂ ಹೊಂದಿಕೆಯೇ ಆಗಲಿಲ್ಲ, ನಡುವೆ ಬಾಯಿ ಬಿಟ್ಟುಕೊಂಡಿತು.

"ಮೇಡಂ ಒಪ್ಪಿರೋದು ಎಲ್ಲಾ ಕಿಟಕಿ ಕಡೆ ಹಾರೋದನ್ನ," ಎಂದಳು ಮೆಲ್ಲಗೆ. "ಅಂಥ ಬಟ್ಟೆ ಇನ್ನು ಎಲ್ಲೂ ಸಿಗಲ್ಲ. ಬಿಡಿ ಮಾವ. ಅತ್ತೆ ಬರ್ಲಿ. ಅಳತೆಗೆ ಕೊಯ್ದು ಚೌಕ ಮಾಡೋಣ."

ಸಿಟ್ಟು ಮಾಡಿಕೊಂಡಿದ್ದರೆ ನನಗೆ ಎಷ್ಟೋ ನೆಮ್ಮದಿಯಾಗುತ್ತಿತ್ತು. ಅವಳು ಎದ್ದು ಚೌಕದ ರಟ್ಟನ್ನು ಕಪಾಟಿನಿಂದ ತೆಗೆದು ಮೇಜಿನ ಮೇಲಿಟ್ಟಳು. ಆ ರಟ್ಟಿನ ಮೂಲೆಗಳು ಆರು ವರ್ಷ ಅವಳ ಬೆರಳು ಸವೆಸಿ ದುಂಡಗಾಗಿದ್ದವು.

ಎಡಗಡೆಯ ತುಂಡನ್ನು ಬಲಗಡೆ ಮಾಡುವುದು ಹೇಗೆಂದು ಯಾವ ಹೊಲಿಗೆಯವನಿಗೆ ಗೊತ್ತಿಲ್ಲ? ಮಗುಚಿದರಾಯಿತು. ಆದರೆ ಮಗುಚಿದರೆ ಒಳಮೈ ಹೊರಗೆ ಬರುತ್ತದೆ. ಒಳಮೈ ಎಂದರೆ ಮೈಗೆ ತಾಗುವ ಕಡೆ, ಯಾರಿಗೂ ಕಾಣಬಾರದ ಕಡೆ. ಆ ಮಾತು ನಮ್ಮ ಕೈಗೆ ಎಷ್ಟು ಗಟ್ಟಿಯಾಗಿ ಕೂತಿದೆಯೆಂದರೆ, ಮೂರು ಜನ ಹೊಲಿಗೆಯವರು ಅರ್ಧ ಗಂಟೆ ಅದೇ ಗುಡ್ಡೆಯ ಸುತ್ತ ಕೂತಿದ್ದರೂ ಒಬ್ಬರ ಬಾಯಲ್ಲೂ ಅದು ಬರಲಿಲ್ಲ. ನನಗೂ ಹೇಳುವ ಧೈರ್ಯ ಬರಲಿಲ್ಲ. ನಾನು ಬಗ್ಗಿ, ಗುಡ್ಡೆಯಿಂದ ಒಂದು ತುಂಡು ತೆಗೆದು, ಮಗುಚಿ, ಖಾಲಿ ಜಾಗದಲ್ಲಿಟ್ಟೆ. ಅಳತೆಯಾದರೂ ಸರಿಯಿದೆಯೋ ಎಂದು ನೋಡುವುದಷ್ಟೇ ಮನಸ್ಸಿನಲ್ಲಿತ್ತು. ಕೂತಿತು, ಕೂದಲೆಳೆಯಷ್ಟೂ ವ್ಯತ್ಯಾಸವಿಲ್ಲ.

"ಒಳಮೈ, ಮಾಸ್ಟರ್," ಎಂದಳು ರೇಡಿಯೋ. ಪಂಚೆಯ ಗಂಟು ಬಿಚ್ಚಿಹೋಗಿದೆ ಎಂದು ಹೇಳುವ ದನಿಯಲ್ಲಿ.

"ಗೊತ್ತು," ಎಂದು ತೆಗೆಯಲು ಕೈ ಚಾಚಿದೆ.

"ತೆಗೀಬೇಡಿ ಮಾವ."

ಸೊಸೆ ಬಾಗಿ ನೋಡುತ್ತಿದ್ದಳು. ನಾನೂ ಆಗಲೇ ಸರಿಯಾಗಿ ನೋಡಿದ್ದು. ಆ ಕಾರ್ಖಾನೆಯವರು ಬಣ್ಣಕ್ಕೆ ಜಿಪುಣತನ ಮಾಡಿರಲಿಲ್ಲ, ಅಚ್ಚು ಬಟ್ಟೆಯ ಆ ಕಡೆಗೂ ಇಳಿದಿತ್ತು. ಆದರೆ ಕಡುನೀಲಿ ಅಲ್ಲಿ ಕಡುನೀಲಿಯಾಗಿ ಇರಲಿಲ್ಲ. ಬೆಳಗಿನ ಜಾವ ಕಳೆದು ಸೂರ್ಯ ಬರುವ ಮೊದಲು ಇರುತ್ತದಲ್ಲ, ಆ ತಿಳಿ ನೀಲಿ. ಇಟ್ಟಿಗೆ ಕೆಂಪಿನ ಎಲೆಗಳು ಹಬೆ ಹಿಡಿದ ಗಾಜಿನಾಚೆ ಇರುವ ಹಾಗೆ ಅಂಚು ಕಳೆದುಕೊಂಡಿದ್ದವು. ಪಕ್ಕದಲ್ಲಿದ್ದ ಮುಖ ಮೇಲಾದ ಹಕ್ಕಿ ಕೈಗೆ ಸಿಗುವಷ್ಟು ಹತ್ತಿರ ಕಂಡರೆ ಇದು ಎಲ್ಲೋ ಆಚೆ ಇರುವ ಹಾಗೆ ಕಂಡಿತು.

"ಇನ್ನೊಂದು ಇಡಿ," ಎಂದಳು.

ಇಟ್ಟೆ. "ಇನ್ನೊಂದು." ಇಟ್ಟೆ. ಅವಳು ಹಿಂದೆ ಹಿಂದೆ ಸರಿಯುತ್ತ ಗೋಡೆಗೆ ತಾಗಿದಳು. ಸಾಲದೆಂದು ಮೇಜಿನ ಮೇಲೆ ಹತ್ತಿ ನಿಂತಳು. ಅಕ್ಕನ ಮೇಜಿನ ಮೇಲೆ, ಕಾಲಿಟ್ಟು. ರೇಡಿಯೋ ಬಾಯಿಗೆ ಕೈ ಅಡ್ಡ ಹಿಡಿದಳು.

"ಮಾವ, ಇವು ದೂರದ ಹಕ್ಕಿ," ಎಂದಳು ಮೇಲಿನಿಂದ. ದನಿ ಒಡೆದಿತ್ತು. "ನಂಗೆ ಗೊತ್ತೇ ಆಗಿರ್ಲಿಲ್ಲ. ನಾನು ಬರೆದಿದ್ರಲ್ಲಿ ಎಲ್ಲಾ ಒಂದೇ ಕಡೆ ಗೋಡೆಗೆ ಅಂಟಿಕೊಂಡಿದ್ವು. ಏನೋ ಕಮ್ಮಿ ಇದೆ ಅನ್ನಿಸ್ತಿತ್ತು, ಏನು ಅಂತ ತಿಳೀತಿರ್ಲಿಲ್ಲ. ಎಲ್ಲಾ ತೆಗೆದುಬಿಡಿ. ಮೊದಲಿಂದ ಇಡೋಣ."

ಆಮೇಲೆ ನಡೆದದ್ದನ್ನು ನೆನೆದರೆ ನನಗೆ ಈಗಲೂ ಕಾಲು ಚುರುಕಾಗುತ್ತದೆ. ಎಪ್ಪತ್ತೊಂದು ವರ್ಷದ ನಾನು ನೆಲದ ಮೇಲೆ ಮಂಡಿಯೂರಿ, ಮೇಜಿನ ಮೇಲೆ ನಿಂತ ಸೊಸೆ ಹೇಳಿದ ಕಡೆಗೆಲ್ಲ ಹಕ್ಕಿ ಇಡುತ್ತ ತೆವಳಿದೆ. ಕೆಳಗಿನ ಮೂರು ಸಾಲು ಪೂರ್ತಿ ಗಾಢ. ನಾಲ್ಕನೆಯದರಲ್ಲಿ ನಾಲ್ಕು ತಿಳಿ. ಐದರಲ್ಲಿ ಎಂಟು. ಮೇಲಿನ ಮೂರು ಸಾಲಿಗೆ ಬರೀ ತಿಳಿ. "ಅದಲ್ಲ ಮಾವ, ಎಲೆ ಕಮ್ಮಿ ಇರೋದು." "ಅದನ್ನ ಆ ಕಡೆ ತುದೀಗೆ." "ಹಾಂ, ಹಾಂ, ಅಲ್ಲೇ ಇರ್ಲಿ." ರೇಡಿಯೋ ಮೆಷಿನ್ನು ಬಿಟ್ಟು ಬಂದು ನನ್ನ ಎದುರು ಕೂತು ಆಕಾಶದ ತುಂಡು ಕೊಡತೊಡಗಿದಳು. ಮೂರು ಗಂಟೆಯ ಹೊತ್ತಿಗೆ ಎಂಟು ಸಾಲೂ ತುಂಬಿದವು. ನಾನು ಗೋಡೆ ಹಿಡಿದು ಎದ್ದು ನಿಂತು ನೋಡಿದೆ.

ಹಕ್ಕಿಗಳ ಹಿಂಡು ನಮ್ಮ ಕಾಲ ಬುಡದಿಂದ ಎದ್ದು ಹೊರಟಿತ್ತು. ಹತ್ತಿರದವು ರೆಕ್ಕೆ ಬಡಿಯುವ ಸದ್ದು ಕೇಳಿಸುವಷ್ಟು ಹತ್ತಿರ. ದೂರದವು ಕಣ್ಣು ಕಿರಿದು ಮಾಡಿದರೆ ಮಾತ್ರ.

"ಅಕ್ಕ ಏನಂತಾಳೋ," ಎಂದಳು ರೇಡಿಯೋ.

ನಮಗೆ ಅದು ಮರೆತೇ ಹೋಗಿತ್ತು. ಒಳಮೈಯ ವಿಷಯದಲ್ಲಿ ಅಕ್ಕ ಎಂಥವಳೆಂದು ಬೀದಿಗೆಲ್ಲ ಗೊತ್ತು. ಹೊಸದಾಗಿ ಕೆಲಸ ಕಲಿಯಲು ಬಂದ ಹೆಂಗಸೊಬ್ಬಳು ಒಂದು ಚೌಕವನ್ನು ಅಪ್ಪಿತಪ್ಪಿ ಮಗುಚಿ ಹೊಲಿದದ್ದಕ್ಕೆ ಇಡೀ ಕೌದಿ ಬಿಚ್ಚಿಸಿದ್ದಳು. ಮೇಜಿನ ಮೇಲೆ ಚೌಕದ ರಟ್ಟು ಬೇರೆ ಹಾಗೆಯೇ ಇತ್ತು. ಸೊಸೆ ಮೇಜಿನಿಂದ ಇಳಿದು ತನ್ನ ಹೆಜ್ಜೆ ಗುರುತು ಒರೆಸಿದಳು. ಮುಖ ಬಿಳುಚಿತ್ತು, ಕಣ್ಣು ಮಾತ್ರ ಹೊಳೆಯುತ್ತಿತ್ತು.

ನಾಲ್ಕಕ್ಕೆ ಸರಿಯಾಗಿ ಅಕ್ಕ ಹತ್ತಿಯ ಚೀಲ ಹೊತ್ತವನ ಜೊತೆ ಬಂದಳು. ಅವನು ಚೀಲ ಇಳಿಸಿ ಹೋದ. ಅಕ್ಕ ಹೊಸ್ತಿಲಲ್ಲೇ ಕನ್ನಡಕ ಹಾಕಿಕೊಂಡು ನೆಲಕ್ಕೆ ಬಾಗಿದಳು. ಮೇಲಿನ ಸಾಲಿನಿಂದ ಒಂದು ಹಕ್ಕಿ ಎತ್ತಿದಳು. ಮಗುಚಿದಳು. ಮತ್ತೆ ಮಗುಚಿದಳು.

"ಯಾರ ಕೆಲಸ ಇದು?"

"ನಂದು," ಎಂದೆ. "ಬಟ್ಟೆ ಮಡಚಿ ಕತ್ತರಿಸಿದೆ. ಅರ್ಧ ಉಲ್ಟಾ ಬಂತು."

"ಅಂಗಿ ಹೊಲಿತಿದ್ದೀಯ ಅನ್ಕೊಂಡ್ಯಾ? ಹಕ್ಕಿಗೆ ತೋಳು ಹಚ್ತಿದ್ದೆಯಾ?"

"ತಪ್ಪಾಯ್ತು ಅಕ್ಕ. ಹುಡುಗೀದೇನೂ ತಪ್ಪಿಲ್ಲ."

"ಹುಡುಗೀದು ತಪ್ಪಿಲ್ಲ, ಸರಿ. ಈ ಒಳಮೈ ಮೇಲೆ ಮಾಡಿಟ್ಟಿದ್ದು ಯಾರು? ಅದೂ ತಾನೇ ಮಗುಚ್ಕೊಂತಾ?"

"ನಾನು ಅತ್ತೆ," ಎಂದಳು ಸೊಸೆ. "ಮಾವ ಒಂದು ಇಟ್ರು. ಮಿಕ್ಕಿದ್ದು ನಾನೇ ಇಡಿಸ್ದೆ. ಬೇರೆ ಬಟ್ಟೆ ಇದ್ರೂ ಈಗ ಹೀಗೇ ಇಡ್ತಿದ್ದೆ."

ಆರು ವರ್ಷದಲ್ಲಿ ಅವಳು ಅಕ್ಕನ ಎದುರು ಇಷ್ಟು ಉದ್ದ ಮಾತಾಡಿದ್ದಿಲ್ಲ.

"ಒಳಮೈ ಹೊರಗೆ ಮಾಡಿ ಅಂಗಿ ಹಾಕ್ಕೊಂಡು ಬೀದಿಗೆ ಹೋಗ್ತೀಯಾ?" ಎಂದಳು ಅಕ್ಕ.

"ಹೋಗಲ್ಲ ಅತ್ತೆ. ಇದು ಅಂಗಿ ಅಲ್ಲ. ನೀವೇ ಹೇಳಿದ್ರಲ್ಲ ಈಗ."

ರೇಡಿಯೋ ಕಿಸಕ್ಕನೆ ನಕ್ಕು ಕೂಡಲೇ ಕೆಮ್ಮಿದಳು. ಅಕ್ಕ ಅತ್ತ ನೋಡಲಿಲ್ಲ. ಅಡುಗೆ ಕೋಣೆಗೆ ಹೋಗಿ ಬಿಳಿ ಅರಿವೆಯೊಂದನ್ನು ಒದ್ದೆ ಮಾಡಿ ಹಿಂಡಿಕೊಂಡು ಬಂದಳು. ನನಗೆ ಅರ್ಥವಾಯಿತು. ಅಚ್ಚಿನ ಬಟ್ಟೆಯ ಒಳಮೈಗೆ ಕೆಲವು ಸಲ ಬಣ್ಣ ಇಳಿದಿರುವುದಿಲ್ಲ, ಬರೀ ಮೆತ್ತಿರುತ್ತದೆ. ಮೆತ್ತಿದ್ದರೆ ಒಂದು ಸಲ ನೀರು ಸೋಕಿದರೆ ಸಾಕು, ಬಿಳಿ ಆಕಾಶಕ್ಕೆಲ್ಲ ನೀಲಿ ಹರಡಿ ಎಲ್ಲ ಕೆಟ್ಟಂತೆ. ಅದನ್ನು ನಾವು ಮೂವರೂ ಯೋಚಿಸಿಯೇ ಇರಲಿಲ್ಲ.

ಅಕ್ಕ ಹಕ್ಕಿಯನ್ನು ಮೇಜಿನ ಮೇಲೆ ಒತ್ತಿ ಹಿಡಿದು ಒದ್ದೆ ಅರಿವೆಯಿಂದ ತಿಕ್ಕಿದಳು. ಹತ್ತು ಸಲ ತಿಕ್ಕಿರಬೇಕು. ಪಾತ್ರೆಯ ಮಸಿ ತೆಗೆಯುವ ಹಾಗೆ ತಿಕ್ಕಿದಳು. ಸೊಸೆ ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿ ಬಿಚ್ಚಿ ಸುತ್ತಿದಳು. ಅಕ್ಕ ಅರಿವೆಯನ್ನು ಕಿಟಕಿಯ ಬೆಳಕಿಗೆ ಎತ್ತಿ ಹಿಡಿದಳು. ಧೂಳಿನ ಬೂದು ಬಿಟ್ಟರೆ ಏನೂ ಇರಲಿಲ್ಲ. ನೀಲಿಯ ಸೋಂಕೂ ಇಲ್ಲ.

"ಹೂಂ," ಎಂದಳು. ಅರಿವೆ ಮಡಚಿಟ್ಟು ಹೊರಗೆ ಹೋದಳು.

ಎಲ್ಲಿಗೆ ಹೋದಳೆಂದು ಯಾರಿಗೂ ತಿಳಿಯಲಿಲ್ಲ. ನೋಡಿದರೆ ಬೀದಿ ದಾಟಿ ರೇಡಿಯೋ ಮನೆಯ ಮೆಟ್ಟಿಲ ಮೇಲೆ ಹತ್ತಿ ನಿಂತಿದ್ದಾಳೆ. ಅಕ್ಕನಿಗೆ ಹತ್ತಿರದ್ದಕ್ಕೆ ಕನ್ನಡಕ ಬೇಕು, ದೂರದ್ದಕ್ಕೆ ಹದ್ದಿನ ಕಣ್ಣು. ಕನ್ನಡಕ ಕೈಯಲ್ಲಿ ಹಿಡಿದು ನಮ್ಮ ಕಿಟಕಿಯೊಳಗೆ ನೋಡುತ್ತಿದ್ದಳು. ನೆಲದ ಮೇಲಿನದು ಅಷ್ಟು ದೂರಕ್ಕೆ ಕಾಣುವುದು ಹೇಗೆ? ನಾನೂ ರೇಡಿಯೋವೂ ತಟ್ಟನೆ ಚಾದರದ ಎರಡು ತುದಿ ಹಿಡಿದು ಎತ್ತಿದೆವು. ಎತ್ತುತ್ತಿದ್ದ ಹಾಗೆ ಮೇಲಿನ ಸಾಲು ಜಾರತೊಡಗಿತು. ಸೊಸೆ ಕೆಳಗೆ ಬಗ್ಗಿ ಎರಡೂ ಕೈ ಅಗಲಿಸಿ, ಮೊಣಕೈ, ಗಲ್ಲ ಎಲ್ಲ ಕೊಟ್ಟು ತಡೆದಳು. ಒಂದು ಘಳಿಗೆ ಹಾಗೆ ಹಿಡಿದಿದ್ದೆವು. ಬೀದಿಯಲ್ಲಿ ಸೈಕಲ್ಲಿನವನೊಬ್ಬ ಕಾಲು ಊರಿ ನಿಂತು ಕಿಟಕಿಯೊಳಗೆ ನೋಡಿ, ಅಕ್ಕನನ್ನು ನೋಡಿ, ಮತ್ತೆ ಕಿಟಕಿ ನೋಡಿದ.

"ಏನಜ್ಜಿ, ಹಾರಿ ಹೋಗ್ತಿವೆಯಲ್ಲ," ಎಂದ.

"ನಿನ್ನ ದಾರಿ ನೋಡ್ಕೋ," ಎಂದಳು ಅಕ್ಕ.

ವಾಪಸು ಬಂದ ಅಕ್ಕ, ಸೊಸೆ ಹೊಲಿಗೆಗೆಂದು ತೆಗೆದಿಟ್ಟಿದ್ದ ನೀಲಿ ದಾರದ ಉಂಡೆಯನ್ನು ಎತ್ತಿ ತಿಳಿ ಹಕ್ಕಿಯ ಮೇಲೆ ಒಂದು ಎಳೆ ಎಳೆದು ಇಟ್ಟಳು.

"ಇದು ಇದರ ಮೇಲೆ ಇರುವೆ ಸಾಲಿನ ಹಾಗೆ ಕಾಣುತ್ತೆ. ಮೇಲಿನ ಸಾಲುಗಳಿಗೆ ಬೂದು ದಾರ ಹಾಕು. ಕಪಾಟಿನ ಕೆಳಗಿನ ಡಬ್ಬೀಲಿದೆ." ಆಮೇಲೆ ನನ್ನ ಕಡೆ ತಿರುಗಿ, "ಬಾಯಿ ಬಿಟ್ಕೊಂಡು ನಿಂತಿದ್ದೀಯಲ್ಲ, ಹತ್ತಿ ಬಿಚ್ಚು," ಎಂದಳು.

ಸೊಸೆ ಡಬ್ಬಿ ತರಲು ಹೋದವಳು ಅಡುಗೆ ಕೋಣೆಯಲ್ಲಿ ಪಾತ್ರೆ ಜೋಡಿಸಿದ ಸದ್ದು ಕೇಳಿಸಿತು. ಡಬ್ಬಿ ಇದ್ದದ್ದು ಮುಂದಿನ ಕೋಣೆಯಲ್ಲೇ.

ಹೊಲಿಯಲು ಹತ್ತು ದಿನವಿತ್ತು. ಕೆಲಸ ಅಂದುಕೊಂಡಷ್ಟು ಸಲೀಸಾಗಿರಲಿಲ್ಲ. ಎರಡು ತುಂಡನ್ನು ಜೋಡಿಸುವಾಗ ಮುಖಕ್ಕೆ ಮುಖ ಸೇರಿಸಿ ಹೊಲಿಯುವುದು ಕ್ರಮ. ಅದನ್ನು ಕಣ್ಣು ನೋಡಿ ಮಾಡುವುದಿಲ್ಲ, ಕೈ ತಾನೇ ಮಾಡುತ್ತದೆ. ರೇಡಿಯೋ ತಿಳಿ ಹಕ್ಕಿ ಎತ್ತಿಕೊಂಡ ಕೂಡಲೇ ಅವಳ ಕೈ ಅದನ್ನು ಮಗುಚಿಬಿಡುತ್ತಿತ್ತು. ಮಗುಚಿದರೆ ಓರೆ ಹೊಂದದೆ ತುಂಡು ಮೊಂಡು ಹಿಡಿಯುತ್ತಿತ್ತು.

"ನಂಗೆ ಬೈಬೇಡಿ," ಎನ್ನುತ್ತಿದ್ದಳು. "ನನ್ನ ಕೈಗೆ ಬೈಯ್ರಿ. ಇಪ್ಪತ್ತು ವರ್ಷದಿಂದ ಅದು ನನ್ನ ಮಾತೇ ಕೇಳಲ್ಲ."

ಅದಕ್ಕೆ ನಾನು ಒಂದು ಉಪಾಯ ಮಾಡಿದೆ. ನಲವತ್ತೆಂಟು ತುಂಡಿಗೂ ಮುಖದ ಕಡೆ ಸೀಮೆಸುಣ್ಣದಲ್ಲಿ ದಪ್ಪ ಅಡ್ಡಗೆರೆ ಎಳೆದೆ. ಅಷ್ಟು ಚೆಂದದ ಅಚ್ಚಿನ ಮೇಲೆ ಗೆರೆ ಎಳೆಯುವಾಗ ಮೊದಮೊದಲು ಕೈ ಹಿಂಜರಿಯಿತು. ಹತ್ತು ತುಂಡಾದ ಮೇಲೆ ಒಂಥರಾ ಮಜಾ ಬಂತು. ಗೆರೆ ಇರುವ ಕಡೆಯೇ ಈಗ ಒಳಮೈ ಎಂದು ರೇಡಿಯೋಗೆ ಹೇಳಿದೆ. ಆಮೇಲೆ ಅವಳ ಮೆಷಿನ್ನೂ ಮಾತೂ ಒಟ್ಟಿಗೆ ಓಡತೊಡಗಿದವು.

ಸಾಲುಗಳು ಕೂಡಿದ ಮೇಲೆ ಹತ್ತಿಯ ಪದರ ಇಟ್ಟು, ಹಿಂದೆ ಅಸ್ತರು ಕೊಟ್ಟು, ಅಕ್ಕನೂ ಸೊಸೆಯೂ ಎದುರುಬದುರು ಕೂತು ಟಾಕು ಹಾಕಿದರು. ದೀಪದ ಬೆಳಕಿನಲ್ಲಿ ಬಣ್ಣ ನಂಬಬಾರದೆಂದು ಅಕ್ಕ ಸಂಜೆಯಾದ ಕೂಡಲೇ ಕೆಲಸ ನಿಲ್ಲಿಸುತ್ತಿದ್ದಳು. ಹಗಲಲ್ಲಿ ಮಾತ್ರ ಇಬ್ಬರ ನಡುವೆ ಚರ್ಚೆಯೋ ಚರ್ಚೆ. "ಇಲ್ಲಿ ಟಾಕು ಒತ್ತಾಗಿ ಬೇಡ ಅತ್ತೆ, ಇವು ಹಗುರ ಇರ್ಬೇಕು." "ನಂಗೆ ಟಾಕು ಕಲಿಸ್ತೀಯಾ?" "ಇಲ್ಲ ಅತ್ತೆ." ಎರಡು ಗಳಿಗೆ ಬಿಟ್ಟು ನೋಡಿದರೆ ಅಕ್ಕನ ಟಾಕು ಸಡಿಲವಾಗಿರುತ್ತಿತ್ತು.

ಶನಿವಾರ ಮಧ್ಯಾಹ್ನ ಕೌದಿಯನ್ನು ಸುತ್ತಿ ನಾಲ್ವರೂ ಹೊತ್ತುಕೊಂಡು ಹೋದೆವು. ಆ ಓದುವ ಕೋಣೆಯ ಗೋಡೆಗೆ ಹೊಸ ಸುಣ್ಣದ ವಾಸನೆ. ಪುಸ್ತಕಗಳು ಇನ್ನೂ ಪೆಟ್ಟಿಗೆಯಲ್ಲೇ ಇದ್ದವು. ಮೊಳೆಗೆ ಕೋಲು ಸಿಕ್ಕಿಸಿ ಕೌದಿ ಬಿಟ್ಟಾಗ ಅದು ತನ್ನ ಭಾರಕ್ಕೆ ತಾನೇ ಇಳಿದು ನಿಂತಿತು. ಬಲಗಡೆಯ ಕಿಟಕಿಯಿಂದ ನೀರಿನ ಬೆಳಕು ಒಳಗೆ ಬಂದು ಆಡುತ್ತಿತ್ತು.

ಮೇಡಂ ಹತ್ತಿರ ಬಂದು ನೋಡಿದರು. ಹುಬ್ಬು ಗಂಟಿಕ್ಕಿತು.

"ನಾನು ಕೊಟ್ಟಿದ್ದು ಒಂದೇ ಗಂಟು. ಈ ತಿಳಿ ಬಣ್ಣದ್ದು ಎಲ್ಲಿಂದ ತಂದ್ರಿ? ನಮ್ಮ ಕಾರ್ಖಾನೆ ಬಟ್ಟೇಲೇ ಆಗ್ಬೇಕು ಅಂದಿದ್ದೆನಲ್ಲ."

ನನ್ನ ತಪ್ಪು ಮೇಡಂ ಎನ್ನಲು ಬಾಯಿ ತೆರೆದೆ. ಅಕ್ಕ ಮೊಣಕೈಯಲ್ಲಿ ನನ್ನ ಪಕ್ಕೆಗೆ ತಿವಿದಳು.

"ಅದನ್ನ ಬರೆದವಳನ್ನೇ ಕೇಳಿ," ಎಂದಳು.

ಸೊಸೆ ಒಂದು ಹೆಜ್ಜೆ ಮುಂದೆ ಹೋದಳು. "ಅದೇ ಬಟ್ಟೆ ಮೇಡಂ. ಒಳಮೈ."

ಮೇಡಂ ಬೆರಳಿನಿಂದ ಒಂದು ಗಾಢ ಹಕ್ಕಿ ಮುಟ್ಟಿದರು, ಒಂದು ತಿಳಿ ಹಕ್ಕಿ ಮುಟ್ಟಿದರು. ಎಲೆಗಳನ್ನು ಹೋಲಿಸಿ ನೋಡಿದರು. ಒಳಮೈ ಎಂಬ ಮಾತು ಕೇಳಿದರೆ ಜನ ಮೂಗು ಮುರಿಯುತ್ತಾರೆ, ನಮಗಿಂತ ಚೆನ್ನಾಗಿ ಅದು ಯಾರಿಗೆ ಗೊತ್ತು? ಮೇಡಂ ಹಿಂದೆ ಸರಿದರು. ಪೆಟ್ಟಿಗೆಗಳನ್ನು ದಾಟಿ ಎದುರು ಗೋಡೆಯವರೆಗೂ ಹೋಗಿ ತಿರುಗಿ ನಿಂತರು. ನಾವು ನಾಲ್ವರೂ ಅವರ ಮುಖವನ್ನೇ ನೋಡುತ್ತಿದ್ದೆವು.

"ಅಯ್ಯೋ," ಎಂದರು ಮೇಡಂ ಮೆಲ್ಲಗೆ. "ಮೇಲಿನವು ಆಗಲೇ ಎಷ್ಟು ದೂರ ಹೋಗಿಬಿಟ್ಟಿವೆ."

ಹಾಗೆ ಕಾಣಬೇಕೆಂದು ಅವರಿಗೆ ಯಾರೂ ಹೇಳಿರಲಿಲ್ಲ. ಸೊಸೆ ನನ್ನ ತೋಳು ಹಿಡಿದುಕೊಂಡಳು. ಎಷ್ಟು ಬಿಗಿಯಾಗಿ ಹಿಡಿದಳೆಂದರೆ ಮರುದಿನವೂ ನೋಯುತ್ತಿತ್ತು.

ಮನೆಗೆ ಬರುವಾಗ ಅಕ್ಕ ಎಲ್ಲರಿಗಿಂತ ಮುಂದೆ ನಡೆದಳು. ಅವಳ ವಯಸ್ಸಿಗೆ ಆ ವೇಗ ಸಲ್ಲದು, ಬೀಗದ ಕೈಯಾದರೂ ಮರೆತು ಬಂದಳೇನೋ ಎಂದುಕೊಂಡೆ. ನಾವು ಬಾಗಿಲಿಗೆ ಬರುವ ಹೊತ್ತಿಗೆ ಕಪಾಟಿನ ಮೇಲಿನ ಹಲಗೆಯ ಸುರುಳಿಗಳೆಲ್ಲ ಮೇಜಿನ ಮೇಲಿದ್ದವು. ಅಕ್ಕ ಒಂದೊಂದನ್ನೇ ಎರಡು ಸುತ್ತು ಬಿಚ್ಚಿ, ತುದಿ ಹಿಡಿದು ಮಗುಚುತ್ತಿದ್ದಳು. ಹಳದಿ ಹೂವಿನ ಬಟ್ಟೆಯ ಒಳಮೈ ಬಿಸಿಲಿಗೆ ಬಿಟ್ಟ ಜೇನಿನ ಬಣ್ಣಕ್ಕಿತ್ತು. ಹಸಿರು ಗೆರೆಯದಕ್ಕೆ ಆ ಕಡೆ ಬಣ್ಣವೇ ಇಳಿದಿರಲಿಲ್ಲ, ಅದನ್ನು ಪಕ್ಕಕ್ಕೆ ತಳ್ಳಿದಳು. ಕಪ್ಪು ಚುಕ್ಕೆಯದನ್ನು ಮಗುಚಿದಾಗ ರೇಡಿಯೋ "ಅಬ್ಬಾ" ಎಂದು ಮೇಜಿಗೆ ಒರಗಿದಳು. ಚುಕ್ಕೆಗಳು ನೀರಿನೊಳಗೆ ಬಿದ್ದ ಕಲ್ಲುಗಳ ಹಾಗೆ ಕಂಡವು. ನಲವತ್ತು ವರ್ಷ ಅಕ್ಕನ ಕಪಾಟಿನಲ್ಲಿ ಅಷ್ಟು ಬಟ್ಟೆ ಇತ್ತು, ಅದರ ಅರ್ಧವನ್ನು ನಾವು ನೋಡಿಯೇ ಇರಲಿಲ್ಲ.

"ಇದಕ್ಕೇನು ಬರೀತೀಯ?" ಎಂದು ಕೇಳಿದಳು ಅಕ್ಕ, ತಲೆ ಎತ್ತದೆ.

ಸೊಸೆ ಚಪ್ಪಲಿ ಕೂಡ ಬಿಟ್ಟಿರಲಿಲ್ಲ. ಬಂದು ಚುಕ್ಕೆಯ ಬಟ್ಟೆಯ ಎರಡೂ ಮೈ ಪಕ್ಕಪಕ್ಕ ಹಿಡಿದು ನೋಡಿದಳು. ಅಕ್ಕ ತನ್ನ ಕುರ್ಚಿಯನ್ನು ಕಾಲಿನಿಂದ ಸರಿಸಿ ಅವಳಿಗೆ ಕೊಟ್ಟಳು. ಹುಡುಗಿ ಕೂತು ಪೆನ್ಸಿಲ್ ಹಿಡಿದು ಒಂದು ಬಾಗು ಗೆರೆ ಎಳೆದಳು, ಅದರ ಕೆಳಗೆ ಇನ್ನೊಂದು.

"ಇಲ್ಲಿ ಯಾಕೆ ಹೀಗೆ ಬಾಗಿಸ್ದೆ?" ಎಂದಳು ಅಕ್ಕ.

"ನೀರು ಇಲ್ಲಿ ಕಲ್ಲಿಗೆ ತಾಗುತ್ತೆ ಅತ್ತೆ."

ಅಕ್ಕ ಕನ್ನಡಕ ಮೂಗಿಗೇರಿಸಿ ಅವಳ ಭುಜದ ಮೇಲಿಂದ ಬಗ್ಗಿದಳು. "ತಾಗಿ?" ಎಂದಳು. "ಆಮೇಲೆ ಎಲ್ಲಿಗೆ ಹೋಗುತ್ತೆ?"